ಸಾಲಿನ ಮೊದಲ ಡಬ್ಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯಲ್ಲಿ ನರಪಿಳ್ಳೆ ಇಲ್ಲ, ಆದರೆ ಸಾಲು ಮಾತ್ರ ಆಗಲೇ ನಿಂತಿದೆ. ಹಿಟ್ಟಿನ ಗಿರಣಿಯ ಬಾಗಿಲಿನಿಂದ ಮೂಲೆಯ ಔಷಧಿ ಅಂಗಡಿಯವರೆಗೆ ಸೀಮೆಸುಣ್ಣದ ವೃತ್ತಗಳು, ಒಂದೊಂದರಲ್ಲೂ ಒಂದೊಂದು ಡಬ್ಬಿ. ಸ್ಟೀಲಿನವು, ಪ್ಲಾಸ್ಟಿಕ್ಕಿನವು, ಪೇಂಟಿನ ಹಳೆಯ ಬಕೆಟ್ಟು, ಹಿಡಿ ಮುರಿದ ಒಂದು ಕುಕ್ಕರ್ ಕೂಡ. ಜನ ಗುಂಪುಗೂಡಬಾರದು ಎಂದು ಪೊಲೀಸರು ಗದರಿಸಿದ ಮೇಲೆ ಇಲ್ಲಿ ಮನುಷ್ಯರ ಬದಲು ಡಬ್ಬಿಗಳೇ ಕ್ಯೂ ನಿಲ್ಲುತ್ತವೆ. ಅವುಗಳ ಯಜಮಾನರು ಕಿಟಕಿಗೆ ಮುಖವಿಟ್ಟು, ಹಿಂದಿನ ಡಬ್ಬಿಯನ್ನು ಯಾರಾದರೂ ಮುಂದಕ್ಕೆ ಸರಿಸಿಬಿಟ್ಟಾರೆಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ.

ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ತೆಗೆಯುವ ಮೊದಲು ಗಿರಣಿಯ ಚಿಕ್ಕಮ್ಮ ನೋಡುವುದು ಬಾಗಿಲಿಗೆ ಅಂಟಿಕೊಂಡಂತಿರುವ ಮೊದಲ ವೃತ್ತವನ್ನು. ಅಲ್ಲಿ ನೀಲಿ ಮುಚ್ಚಳದ ಪುಟ್ಟ ಡಬ್ಬಿ ಇದೆ. ಅದನ್ನು ಕಂಡ ಮೇಲೇ ಅವರು ನೆಮ್ಮದಿಯ ಉಸಿರು ಬಿಡುವುದು.

ಇಡೀ ಬೀದಿಗೆ ಅವರು ಚಿಕ್ಕಮ್ಮ. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ, ಅವರು ಬೇಡವೆನ್ನುವುದಿಲ್ಲ. ಮಾವನ ಕಾಲದ ಗಿರಣಿ. ಮಾವ ಕೈಲಾಗದೆ ಕೂತ ಮೇಲೆ ಮೋಟಾರಿಗೆ ಪಟ್ಟೆ ಹಾಕುವುದು, ಕಲ್ಲಿಗೆ ಉಳಿ ಹೊಡೆಯುವುದು, ಎಲ್ಲಕ್ಕೂ ಸೊಸೆಯೇ ಆದರು. ಗಂಡ ಬಸ್ ಡ್ರೈವರ್. ಹಿಟ್ಟಿನ ಧೂಳು ಕಂಡರೆ ಸೀನುವ ಮನುಷ್ಯ, ಲಾಕ್‌ಡೌನ್ ಆಗಿ ಬಸ್ಸು ನಿಂತ ಮೇಲೆ ಮನೆಯಲ್ಲಿ ಕೂರಲಾಗದೆ ಗಿರಣಿಗೆ ಬಂದು ಸೇರಿಕೊಂಡಿದ್ದಾರೆ.

ಮೊದಮೊದಲು ಈ ಗಿರಣಿ ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಪ್ಯಾಕೆಟ್ ಹಿಟ್ಟಿನ ರೂಢಿ. ರೋಗದ ಸುದ್ದಿ ಬಂದದ್ದೇ ತಡ, ಅಂಗಡಿಗಳ ಪ್ಯಾಕೆಟ್‌ಗಳು ಒಂದೇ ಸಂಜೆಗೆ ಖಾಲಿಯಾದವು. ಆಮೇಲೆ ಲಾರಿಯಲ್ಲಿ ಬಂದು ಮನೆಮನೆಗೆ ಹಂಚಿಕೆಯಾದದ್ದು ಬೀಸದ ಗೋಧಿ ಕಾಳು. "ಕಾಳು ಕೊಟ್ಟು ಹೋದ್ರು ಸರಿ, ಅದನ್ನ ಹಂಗೇ ಮುಕ್ಕೋಕಾಗುತ್ತಾ? ಆವಾಗ ನೆನಪಾಯ್ತು ನೋಡಿ ನಮ್ಮ ಗಿರಣಿ," ಎಂದು ಚಿಕ್ಕಮ್ಮ ನಗುತ್ತಾರೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅನುಮತಿ. ಅಷ್ಟರಲ್ಲಿ ಬೀದಿಯ ಹೊಟ್ಟೆಯೆಲ್ಲ ಈ ಕಲ್ಲುಗಳ ನಡುವೆ ಹಾದು ಹೋಗಬೇಕು.

ನೀಲಿ ಮುಚ್ಚಳದ ಡಬ್ಬಿ ಹಿಂದಿನ ರಸ್ತೆಯ ಟೈಲರ್ ಹೆಂಗಸಿನದು. ಆಕೆಗೆ ಇನ್ನೂ ಹಲ್ಲು ಬಾರದ ಮಗುವಿದೆ. ಗೋಧಿ ಅದಕ್ಕೆ ವಿಷ. ಮೊದಲ ಸಲ ಗೋಧಿಯ ಗಂಜಿ ತಿನ್ನಿಸಿದ ದಿನ ತುಟಿ ಊದಿ, ಗಂಟಲು ಕಟ್ಟಿ, ಆಸ್ಪತ್ರೆಯಲ್ಲಿ ಜೀವ ಉಳಿದದ್ದೇ ಹೆಚ್ಚು. ಈಗ ಆ ಆಸ್ಪತ್ರೆಯ ತುಂಬ ಸೋಂಕಿನವರು. ಗೇಟಿನ ಒಳಗೆ ಬೇರೆಯವರನ್ನು ಬಿಡುತ್ತಿಲ್ಲ. ಅಕ್ಕಿಯ ಬೇಬಿ ಫುಡ್ ಎಲ್ಲೂ ಇಲ್ಲ. ಮನೆಯ ಮಿಕ್ಸಿ ಸುಟ್ಟು ಕೂತಿದೆ, ರಿಪೇರಿ ಅಂಗಡಿಗೆ ಬೀಗ. ಹಾಗಾಗಿ ದಿನಾ ಆ ದಿನಕ್ಕಾಗುವಷ್ಟು ಅಕ್ಕಿ ಡಬ್ಬಿಯಲ್ಲಿ ಬರುತ್ತದೆ.

ಗಿರಣಿಯಲ್ಲಿ ಒಬ್ಬರ ಹಿಟ್ಟಿನ ಬಾಲ ಇನ್ನೊಬ್ಬರ ಹಿಟ್ಟಿಗೆ ಬಂದೇ ಬರುತ್ತದೆ. ಹಿಂದಿನವರ ಕಾಳಿನ ಪುಡಿ ಕಲ್ಲಿನ ಗೀರುಗಳಲ್ಲಿ ಕೂತು, ಮುಂದಿನವರ ಜೊತೆ ಇಳಿಯುತ್ತದೆ. ಅದಕ್ಕೇ ಚಿಕ್ಕಮ್ಮ ದಿನದ ಕೆಲಸ ಮುಗಿದ ಮೇಲೆ ಕಲ್ಲು ಬಿಚ್ಚಿ ಬ್ರಷ್ಷಿನಿಂದ ಉಜ್ಜಿ, ತಮ್ಮ ಮನೆಯ ಅಕ್ಕಿಯನ್ನು ಮೂರು ನಾಲ್ಕು ಸಲ ಬೀಸಿ ಆ ಹಿಟ್ಟನ್ನು ತೆಗೆದುಹಾಕುತ್ತಾರೆ. ಇದಕ್ಕೆ ಅವರು ಹೇಳುವುದು ಗಿರಣಿಯ ಬಾಯಿ ತೊಳೆಯುವುದು ಎಂದು. ಹಾಗೆ ತೊಳೆದ ಬಾಯಿಗೆ ಮರುದಿನ ಮೊದಲು ಬೀಳಬೇಕಾದ್ದು ನೀಲಿ ಡಬ್ಬಿಯ ಅಕ್ಕಿ.

ಇದೇ ಕ್ರಮದಲ್ಲಿ ಒಂದು ದಿನ ಎಡವಟ್ಟಾಯಿತು. ಅದನ್ನು ಹೇಳುವಾಗ ಈಗಲೂ ಅವರ ದನಿ ಇಳಿಯುತ್ತದೆ, ಕೈ ಸೆರಗಿನ ತುದಿಯನ್ನು ಹಿಂಡುತ್ತದೆ.

ಅಂದು ನೀಲಿ ಡಬ್ಬಿ ಮೊದಲೇ ಬೀಸಿ ಹೋಗಿತ್ತು. ಟೈಲರ್ ಹೆಂಗಸು ತಾನೇ ಬಂದು ಒಯ್ದಿದ್ದಳು. ಐದಾರು ಡಬ್ಬಿ ಗೋಧಿ ಮುಗಿದ ಮೇಲೆ ಗಂಡ, ಹೆಂಡತಿಯಿಂದ ಒಂದು ಶಭಾಷ್ ಸಿಗಬಹುದೆಂಬ ಆಸೆಯಿಂದ ಬಾಯಿಬಿಟ್ಟರು. "ನಮ್ಮನೆ ಗೋಧಿ ನಾನು ನಸುಕಲ್ಲೇ ಬಂದು ಬೀಸಿಬಿಟ್ಟೆ ಕಣೇ. ಬಸ್ಸಿಗಾದ್ರೆ ಬೆಳಿಗ್ಗೆ ಎದ್ದು ಇಂಜಿನ್ ಬಿಸಿ ಮಾಡ್ತೀವಲ್ಲ, ಹಂಗೆ. ಜನರ ಟೈಮೂ ಉಳೀತು."

ಬೀಸಿದ್ದಷ್ಟೇ ಅಲ್ಲ, ಸುತ್ತಮುತ್ತ ಒಂದು ಕಣ ಕಾಣದಂತೆ ಗುಡಿಸಿ, ಒರೆಸಿ, ಬೀಗ ಹಾಕಿಕೊಂಡು ಹೋಗಿದ್ದರು. ಹೊರಗಿನ ಅಚ್ಚುಕಟ್ಟು ನೋಡಿ ಚಿಕ್ಕಮ್ಮನಿಗೆ ಯಾವ ಅನುಮಾನವೂ ಬರಲಿಲ್ಲ.

"ಅವರ ಮಾತು ಕೇಳಿದ್ದೇ ಅವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಿಷನ್ ತುಳೀತಾ ಕೂತ್ರೆ ಅವಳಿಗೆ ಲೋಕವೇ ಕೇಳಿಸಲ್ಲ. ಪಟ್ಟೆ ಬಿಚ್ಚಿ ಎಸೆದು ಓಡಿದೆ."

ಹಿಂದಿನ ರಸ್ತೆಗೆ ಅಷ್ಟರಲ್ಲಿ ಬಿದಿರು ಕಟ್ಟಿ ಅಡ್ಡ ಹಾಕಿದ್ದರು. ಕಾನ್‌ಸ್ಟೇಬಲ್ ಲಾಠಿ ಚಾಚಿದ.

"ಎಲ್ಲಿಗಮ್ಮಾ?"

"ಹಿಟ್ಟು ವಾಪಸ್ ತರೋಕೆ ಸಾರ್."

"ಎಲ್ಲರೂ ಹಿಟ್ಟು ಬೇಕು ಅಂತ ಬರ್ತಾರೆ, ನೀವೇನು ವಾಪಸ್ ತರೋಕೆ ಹೊರಟಿದ್ದೀರಿ? ಸುಳ್ಳು ಹೇಳೋದಾದ್ರೂ ನಂಬೋ ಹಂಗೆ ಹೇಳಿ."

"ಮಗು ಸಾಯುತ್ತೆ ಸಾರ್, ಬಿಡಿ!"

ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿ ಬೆಳ್ಳಗಾಗಿದ್ದ ಆ ಹೆಂಗಸಿನ ಮುಖದಲ್ಲಿ ಏನು ಕಂಡನೋ, ಅವನೇ ಬಿದಿರು ಎತ್ತಿದ.

ಕಿಟಕಿ ತೆರೆದಿತ್ತು. ತಾಯಿಯ ತೊಡೆಯ ಮೇಲೆ ಮಗು, ಕೈಯಲ್ಲಿ ಗಂಜಿಯ ಬಟ್ಟಲು. ಚಿಕ್ಕಮ್ಮ ಕೂಗಿದ ರಭಸಕ್ಕೆ ಬಟ್ಟಲು ನೆಲಕ್ಕೆ ಬಿತ್ತು. ಆದರೆ ಒಂದು ಚಮಚ ಆಗಲೇ ಒಳಗೆ ಹೋಗಿತ್ತು. ನೋಡನೋಡುತ್ತಿದ್ದಂತೆ ಮಗುವಿನ ಮೇಲ್ದುಟಿ ದಪ್ಪವಾಯಿತು. ತಾಯಿ ಡಾಕ್ಟರು ಕೊಟ್ಟಿದ್ದ ಔಷಧಿಯನ್ನು ಅದರ ಬಾಯಿಗೆ ಬಿಟ್ಟಳು. ಮೈಯೆಲ್ಲ ಗೋಧಿ ಹಿಟ್ಟು, ಒಳಗೆ ಹೋಗುವಂತಿಲ್ಲ, ಹೊರಟು ಹೋಗಲು ಮನಸ್ಸಿಲ್ಲ. ಚಿಕ್ಕಮ್ಮ ಕಿಟಕಿಯ ಸರಳು ಹಿಡಿದು ಬಿಸಿಲಲ್ಲೇ ನಿಂತರು.

"ಮಗು ಸುಮ್ಮನೆ ಇತ್ತು. ಅದೇ ನೋಡಿ ಹೆದರಿಕೆ. ಆಮೇಲೆ ಬೀದಿ ಹಾರಿಹೋಗೋ ಹಂಗೆ ಕಿಟಾರ್ ಅಂತ ಅಳು. ಅಳ್ಬೇಕು ಅಂದ್ರೆ ಉಸಿರು ಇರಬೇಕಲ್ವಾ? ಯಾವ ಮಗುವಿನ ಅಳು ಕೇಳಿದ್ರೂ ನಂಗೆ ಅಷ್ಟು ಖುಷಿ ಆಗಿಲ್ಲ."

ಅವರು ಓಡುತ್ತಲೇ ಹಿಂದಿರುಗಿದರು. ಸಾಲಿನವರ ಗೊಣಗಾಟಕ್ಕೆ ಕಿವಿಗೊಡದೆ ಗಿರಣಿ ಬಿಚ್ಚಿ, ತೊಳೆದು, ತಮ್ಮ ಮನೆಯ ಅಕ್ಕಿ ಬೀಸಿ ಒಯ್ದರು. ತುಟಿಯ ಊತ ಇಳಿಯುತ್ತಿತ್ತು. ಟೈಲರ್ ಹೆಂಗಸು ಡಬ್ಬಿ ತೆಗೆದುಕೊಂಡಳು, ಬಾಗಿಲು ಹಾಕಿದಳು.

ಆ ಮುಚ್ಚಿದ ಬಾಗಿಲೇ ಚಿಕ್ಕಮ್ಮನನ್ನು ಕೊರೆಯಿತು. ಗಂಡ ಅನ್ನ ಮುಟ್ಟದೆ ಕೂತಿದ್ದರು. "ನಂಗೆ ಬೈಯೇ, ಬೈದ್ರೆ ಹಗುರ ಆಗುತ್ತೆ," ಎಂದರಂತೆ. ಚಿಕ್ಕಮ್ಮ ಎದ್ದು ಹೋಗಿ ಗಿರಣಿಯ ಬಾಯಿ ಮತ್ತೆ ತೊಳೆದರು, ಸಾಲದೆಂದು ಇನ್ನೊಮ್ಮೆ ತೊಳೆದರು. ನಾಳೆ ಅವಳು ಬರದಿದ್ದರೆ ಮಗು ಏನು ತಿನ್ನಬೇಕು? ಬಾ ಎಂದು ಯಾವ ಮುಖ ಇಟ್ಟುಕೊಂಡು ಕರೆಯುವುದು?

ಈಗ ಬೀಗದ ಕೈ ಒಂದೇ, ಅದು ಚಿಕ್ಕಮ್ಮನ ಸೊಂಟದಲ್ಲಿ. ಗಂಡ ಕರೆಯುವವರೆಗೂ ಹೊಸ್ತಿಲ ಹೊರಗೇ ನಿಲ್ಲುತ್ತಾರೆ, ನಿಲ್ದಾಣದಲ್ಲಿ ಕಂಡಕ್ಟರ್ ಸೀಟಿ ಊದುವುದನ್ನು ಕಾಯುವ ಡ್ರೈವರ್ ಹಾಗೆ. ಮುಂದೆ ಏನಾಸೆ ಎಂದು ಚಿಕ್ಕಮ್ಮನನ್ನು ಕೇಳಿದರೆ, ಅಕ್ಕಿಗೆಂದೇ ಒಂದು ಚಿಕ್ಕ ಗಿರಣಿ ಬೇಕು ಎನ್ನುತ್ತಾರೆ. ಗೋಧಿ ಅದರ ಹತ್ತಿರವೂ ಸುಳಿಯಬಾರದು. ಆಗ ಒಂದು ಹೊತ್ತಾದರೂ ಹೆದರಿಕೆಯಿಲ್ಲದೆ ಬೀಸಬಹುದು.

ಆ ಎಡವಟ್ಟಿನ ಮರುದಿನದ ಬೆಳಗಿನ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. ಬೀದಿಯ ತಿರುವಿನಲ್ಲೇ ಕಾಲು ನಿಂತಿತಂತೆ, ತಲೆಯೆತ್ತಿ ನೋಡಲು ಧೈರ್ಯ ಸಾಲದೆ.

"ನೋಡಿದೆ. ಎಲ್ಲರಿಗಿಂತ ಮುಂದೆ, ಅದೇ ಜಾಗದಲ್ಲಿ ನೀಲಿ ಮುಚ್ಚಳ ಇತ್ತು," ಎಂದು ಚಿಕ್ಕಮ್ಮ ಮುಖ ಆ ಕಡೆ ತಿರುಗಿಸಿ, ಡಬ್ಬಿಯ ಅಕ್ಕಿಯನ್ನು ಗಿರಣಿಯ ಬಾಯಿಗೆ ಸುರಿಯುತ್ತಾರೆ.