ಕುಲದ ಕೊಪ್ಪರಿಗೆ

ಎರಡು ಕಾಲೇಜು ಸೇರಿ ಒಂದೇ ಸೇವಾ ಶಿಬಿರ ಮಾಡಿದರೆ ಖರ್ಚು ಕಡಿಮೆ, ಕೆಲಸ ಹೆಚ್ಚು ಎಂದು ಮೈಸೂರಿನ ಯಾರೋ ದೊಡ್ಡವರು ಹೇಳಿದ್ದರಂತೆ. ಹಾಗಾಗಿ ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಂಜನಗೂಡಿನ ನಮ್ಮ ಕಾಲೇಜೂ ಟಿ. ನರಸೀಪುರದ ಕಾಲೇಜೂ ಬೀಗರಾದವು. ಎರಡು ತಾಲ್ಲೂಕಿನ ಗಡಿಯಲ್ಲಿದ್ದ ಒಂದು ಹಳ್ಳಿಯಲ್ಲಿ ಕೇರಿಯಿಂದ ಸ್ಕೂಲಿನವರೆಗೆ ಮಣ್ಣು, ಜಲ್ಲಿ ಹಾಕಿ ದಾರಿ ಮಾಡಿಕೊಡುವುದು ನಮ್ಮ ಪಾಲಿನ ಸೇವೆ. ಮಳೆ ಬಂದರೆ ಆ ಓಣಿಯಲ್ಲಿ ಮಂಡಿಯುದ್ದ ಕೆಸರು. ಕೇರಿಯ ಮಕ್ಕಳು ಮಳೆಗಾಲವೆಲ್ಲಾ ಸ್ಕೂಲಿಗೆ ಚಕ್ಕರ್ ಹೊಡೆಯುತ್ತಾರೆಂದು ಅಲ್ಲಿನ ಮೇಷ್ಟರು ದೂರುತ್ತಿದ್ದರು.

ಬೀಗರು ಎಂದೆನಲ್ಲ, ಬೀಗರ ನಡುವೆ ಆಗುವ ಎಡವಟ್ಟೇ ನಮ್ಮಲ್ಲೂ ಆಯಿತು. ನಮ್ಮ ಲೆಕ್ಚರರು ಅಕ್ಕಿ, ಬೇಳೆ, ರಾಗಿಹಿಟ್ಟು ತಂದರು. ನರಸೀಪುರದ ಲೆಕ್ಚರರೂ ಅಕ್ಕಿ, ಬೇಳೆ, ರಾಗಿಹಿಟ್ಟೇ ತಂದರು. ಪಾತ್ರೆಗಳನ್ನು ಅವರು ತರುತ್ತಾರೆಂದು ಇವರು, ಇವರು ತರುತ್ತಾರೆಂದು ಅವರು. ಕೇಳಿದರೆ ಎಲ್ಲಿ ಹಗುರವಾಗುತ್ತೇವೋ ಎಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸ್ಕೂಲಿನ ಜಗಲಿಯ ಮೇಲೆ ಮೂಟೆಗಳ ಗುಡ್ಡೆ. ಬೇಯಿಸಲು ಒಂದು ತಪ್ಪಲೆಯೂ ಇಲ್ಲ. ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ.

ಮೇಲಿನ ಬೀದಿಯ ದೇವಸ್ಥಾನದಲ್ಲಿ ದೊಡ್ಡ ಪಾತ್ರೆಗಳಿದ್ದವು. ಕೇಳಲು ಹೋದ ನಮ್ಮ ಲೆಕ್ಚರರ ಹಿಂದೆ ನಾನೂ ಹೋಗಿದ್ದೆ. ಅಲ್ಲಿನ ಹಿರಿಯರೊಬ್ಬರು, "ಕೊಡ್ಬೈದಾಗಿತ್ತು ಸಾ. ಆದ್ರೆ ನಿಮ್ ಐಕ್ಳಲ್ಲಿ ಎಲ್ಲಾ ಜನಾನೂ ಸೇರವ್ರೆ" ಎಂದು ಬಹಳ ನಯವಾಗಿ ಹೇಳಿ, ಮಜ್ಜಿಗೆ ಬೇಕಾ ಎಂದೂ ಕೇಳಿದರು. ಆ ನಯಕ್ಕೇ ನನಗೆ ಮೈ ಉರಿದುಹೋಯಿತು. 'ಎಲ್ಲಾ ಜನ' ಎಂದರೆ ನಾನು. ಅಲ್ಲಿಂದ ನಾಲ್ಕಾರು ಊರಾಚೆಯ ಕೇರಿಯ ಹುಡುಗ. ನರಸೀಪುರದ ಹುಡುಗರಿಗೆ ಅದು ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಊರಿನ ಹೆಸರು ಹೇಳಿ ಮಾತು ತಿರುಗಿಸುತ್ತಿದ್ದೆ. ಅವರೆದುರು ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ.

ಹೊತ್ತು ನೆತ್ತಿಗೇರಿದಾಗ ಕೇರಿಯ ಯಜಮಾನರು ಬಂದರು. ಮದುವೆ, ಸಾವು, ಜಗಳ ಎಲ್ಲಕ್ಕೂ ಕೇರಿಯವರು ಮುಂದಿಟ್ಟುಕೊಳ್ಳುವ ಹಿರಿಯ ಅವರು. ನಮ್ಮ ಕಡೆಯ ಕೇರಿಗಳಲ್ಲಿ ಕುಲದ ಪಾತ್ರೆ ಎಂದು ಇರುತ್ತವೆ: ಮನೆಮನೆಯವರೂ ಕೈಲಾದಷ್ಟು ಹಾಕಿ ಕೊಂಡ ಕೊಪ್ಪರಿಗೆ, ತಪ್ಪಲೆ, ಸೌಟುಗಳು. ಮದುವೆಗೋ ತಿಥಿಗೋ ಕೆಳಗಿಳಿಯುತ್ತವೆ; ಉಳಿದಂತೆ ಯಜಮಾನನ ಮನೆಯ ಅಟ್ಟವೇ ಅವುಗಳ ಜಾಗ.

"ಪಾತ್ರೆ ನಾವು ಕೊಟ್ಟೇವು ಸಾ. ಆದ್ರೆ ಒಂದ್ ಮಾತು," ಎಂದರು ಯಜಮಾನರು. "ನಮ್ ಪಾತ್ರೇಲಿ ಬೆಂದದ್ದ ಎಲ್ರೂ ಉಣ್ಬೇಕು. ಅರ್ಧ ಜನ ಉಂಡು, ಅರ್ಧ ಜನ ಬಾಳೆಅಣ್ಣು ತಿನ್ನಾದಾದ್ರೆ ಬ್ಯಾಡಿ. ಅಟ್ಟದ್ ಮ್ಯಾಲೆ ಮರ್ವಾದೆಯಿಂದ ಅವೆ. ಅಲ್ಲೇ ಇರ್ಲಿ."

ಎಲ್ಲರ ಕಣ್ಣೂ ನರಸೀಪುರದ ಲೆಕ್ಚರರತ್ತ ತಿರುಗಿತು. ಅವರು ಸೋಸಲೆಯಿಂದ ದಿನಾ ಬಸ್ಸಿನಲ್ಲಿ ಬಂದು ಅರ್ಥಶಾಸ್ತ್ರ ಹೇಳಿ ಹೋಗುತ್ತಿದ್ದ ಆಚಾರವಂತರ ಮನೆಯವರು. ಹೊರಗೆ ಬೆಂದದ್ದನ್ನು ಮುಟ್ಟಿದವರಲ್ಲ. ಶಿಬಿರಕ್ಕೂ ತಾಯಿ ಮಾಡಿಕೊಟ್ಟ ಗೊಜ್ಜವಲಕ್ಕಿಯ ಡಬ್ಬಿ ಹಿಡಿದೇ ಬಂದಿದ್ದರು. ಅವರ ಹುಡುಗರೇ ಹಿಂದಿನಿಂದ 'ಡಬ್ಬಿ ಸಾರ್' ಎನ್ನುತ್ತಿದ್ದರು. ಅವರು ಒಲ್ಲೆ ಎಂದರೆ ಅವರ ಅರ್ಧ ಹುಡುಗರೂ ಒಲ್ಲೆ ಎನ್ನುತ್ತಾರೆ. ಪಾತ್ರೆ ಅಟ್ಟ ಬಿಟ್ಟು ಇಳಿಯುವುದಿಲ್ಲ, ಸಂಜೆಗೇ ಶಿಬಿರ ಮುಗಿಯುತ್ತದೆ, ಓಣಿಯ ಕೆಸರು ಓಣಿಗೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಓಣಿಯ ಚಿಂತೆ ಇರಲಿಲ್ಲ. ಈ ಮನುಷ್ಯ ಈಗ ನನ್ನೆದುರೇ ಏನೆನ್ನುತ್ತಾನೋ ಎಂಬುದೊಂದೇ ಚಿಂತೆ.

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಬಡಿಸೋರು ಯಾರು ಯಜಮಾನ್ರೇ?"

"ನಮ್ ಎಂಗುಸ್ರು ಬಡುಸ್ತಾರೆ. ಬ್ಯಾಡ ಅಂದ್ರೆ ನಿಮ್ ಐಕ್ಳೇ ಬಡುಸ್ಕಳ್ಳಿ."

"ಅವರೇ ಬಡಿಸಲಿ," ಎಂದರು. ದನಿ ಗಟ್ಟಿಯಾಗಿರಲಿಲ್ಲ. ಅದಕ್ಕೇ ನಾನು ಅದನ್ನು ನಂಬಿದೆ.

ಕೊಪ್ಪರಿಗೆ ಬಂತು, ಮುದ್ದೆ, ಹುರುಳಿಕಾಳಿನ ಸಾರು ಆಯಿತು. ಸ್ಕೂಲಿನ ಅಂಗಳದಲ್ಲಿ ಎಲೆ ಹಾಕಿದರು. ನರಸೀಪುರದ ಲೆಕ್ಚರರು ಮೊದಲ ಸಾಲಿನಲ್ಲೇ ಕೂತರು. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು. ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು. ಮುದ್ದೆ ಹಲ್ಲಿಗೆಲ್ಲ ಮೆತ್ತಿಕೊಂಡು ಮುಖ ಕೆಂಪಗಾಯಿತು.

"ಅಯ್ಯೋ ಅಗೀಬಾರ್ದು ಸಾ! ನುಂಗ್ಬೇಕು!" ಯಜಮಾನರು ಕೂತಲ್ಲಿಂದಲೇ ಕೂಗಿದರು.

ಮೊದಲು ನಕ್ಕವರು ಆ ಲೆಕ್ಚರರೇ. ಆಮೇಲೆ ಇಡೀ ಅಂಗಳ ನಕ್ಕಿತು. ಬಾಳೆಹಣ್ಣಿನ ಮೇಲೆ ಕಣ್ಣಿಟ್ಟಿದ್ದ ಹುಡುಗರೂ ಒಬ್ಬೊಬ್ಬರಾಗಿ ಎಲೆಯ ಮುಂದೆ ಕೂತರು. ಊಟವಾದ ಮೇಲೆ ಅವರು ತಮ್ಮ ಡಬ್ಬಿ ತೆರೆದು ಮೊದಲು ಯಜಮಾನರ ಮುಂದೆ ಹಿಡಿದರು. ಯಜಮಾನರು ಒಂದು ಹಿಡಿ ಗೊಜ್ಜವಲಕ್ಕಿ ಬಾಯಿಗೆ ಹಾಕಿಕೊಂಡು, "ನಿಮ್ಮವ್ವಾರ್ ಕೈರುಚಿ ಬೋ ಚೆಂದಾಗದೆ" ಎಂದರು. ನನಗೆ ಆಗ ಆದ ಸಂತೋಷ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ದಾರಿ ಮುಗಿಯಿತು. ಅಂಗೈ ತುಂಬ ಬೊಬ್ಬೆ. ಹೊರಡುವ ದಿನ ಕೊಪ್ಪರಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಎರಡು ಕಾಲೇಜಿನ ಹುಡುಗರೂ ಹೊತ್ತು ಹೋಗಿ ಅಟ್ಟಕ್ಕೆ ಏರಿಸಿ ಬಂದೆವು.

ಸುದ್ದಿ ಮಾತ್ರ ಬಸ್ಸಿಗಿಂತ ಮುಂಚೆ ಸೋಸಲೆ ಮುಟ್ಟಿತ್ತು. ಕೆಲವು ತಿಂಗಳ ಮೇಲೆ ಆ ಲೆಕ್ಚರರು ನಮ್ಮ ಕಾಲೇಜಿಗೆ ಬಂದಾಗ, ಮನೆಯಲ್ಲಿ ಏನಂದರು ಎಂದು ನಮ್ಮ ಲೆಕ್ಚರರು ಕೇಳಿದರು. "ಅಮ್ಮ ಮಾತಾಡ್ತಾ ಇಲ್ಲ. ಎಲೆ ಜಗಲಿ ಮೇಲೆ ಹಾಕ್ತಾರೆ," ಎಂದರು. "ಬಡಿಸೋದು ಮಾತ್ರ ಬಿಟ್ಟಿಲ್ಲ, ತುಪ್ಪಾನೂ ಹಾಕ್ತಾರೆ" ಎಂದು ಸೇರಿಸಿದರು. ಆ ತಾಯಿಯ ಮೇಲೆ ನನಗೆ ಕೋಪ ಬಂತು. ಮಗನನ್ನು ಹೊರಗೆ ಕೂರಿಸಿ ತುಪ್ಪ ಬಡಿಸುವ ಅವರ ಸಂಕಟ ನೆನೆದು ಆ ಕೋಪ ಹೆಚ್ಚು ಹೊತ್ತು ನಿಲ್ಲಲೂ ಇಲ್ಲ.

ಅವರು ಬಂದದ್ದು ಮುಂದಿನ ಶಿಬಿರದ ಮಾತಿಗೆ. ಎರಡೂ ಕಾಲೇಜಿನ ಹುಡುಗರು ಕೂತಿದ್ದೆವು. ಒಮ್ಮೆ ಸುಟ್ಟುಕೊಂಡಿದ್ದ ನಮ್ಮ ಲೆಕ್ಚರರು ಮೊದಲೇ ಕೇಳಿದರು: "ಈ ಸಲ ಪಾತ್ರೆ ಯಾರು ತರೋದು? ಈಗಲೇ ಇತ್ಯರ್ಥ ಆಗಿಬಿಡಲಿ."

"ಯಾರೂ ತರೋದು ಬೇಡ," ಎಂದರು ತಮ್ಮ ಮನೆಯಲ್ಲೇ ಜಗಲಿಯ ಮೇಲೆ ಉಣ್ಣುತ್ತಿದ್ದ ಆ ಮನುಷ್ಯ. "ಯಾವ ಊರಿಗೆ ಹೋದರೂ ಅಲ್ಲೊಂದು ಕೇರಿ ಇರುತ್ತಲ್ಲ. ಹೋಗಿ ಕೇಳೋಣ."

ನಾನು ಎದ್ದು ನಿಂತೆ. ಪುಸ್ತಕದ ಕನ್ನಡ ಎಲ್ಲಿ ಹೋಯಿತೋ.

"ನಮ್ಮೂರ್ಗೇ ಬನ್ನಿ ಸಾ," ಎಂದೆ. "ನಮ್ ಕೇರೀಲೂ ಕೊಪ್ರಿಗೆ ಅದೆ. ನಮ್ಮಪ್ಪನ್ ಅಟ್ಟದ್ ಮ್ಯಾಲೇ ಅದೆ."