ಟಾಕಿಗೆ ಕುಂಕುಮ ಕೊಟ್ಟು ಕರೆದದ್ದು

ಹೆಂಗಸರ ಕಡೆಯ ಮರಳಿನ ಮೇಲೆ ಪೊರಕೆಯ ಗೀರುಗಳು ಹಾಗೇ ಇದ್ದವು. ಮೂರು ಸಂಜೆ ಆಟ ನಡೆದಿದ್ದರೂ ಅಲ್ಲಿ ಒಬ್ಬರ ಹೆಜ್ಜೆಯೂ ಬಿದ್ದಿರಲಿಲ್ಲ. ಗೋಣಿತಟ್ಟಿನ ಪರದೆಯ ಆಚೆ, ಗಂಡಸರ ಕಡೆ, ಬೀಡಿ ತುಂಡುಗಳೂ ಕಡಲೆಕಾಯಿ ಸಿಪ್ಪೆಯೂ ಚೆಲ್ಲಾಡಿದ್ದವು.

ಇದನ್ನು ನಾನು ನೋಡಿದ್ದು ಹಗಲಿನಲ್ಲಿ, ಅಪ್ಪನ ಜೊತೆ. ಮಧುಗಿರಿ ಬೆಟ್ಟದ ಕೆಳಗಿನ ಬಯಲಿನಲ್ಲಿ ಟೂರಿಂಗ್ ಟಾಕಿಯ ಟೆಂಟು ಹಾಕಿದ್ದ ಸಾಹೇಬರು ಶಿರಾದವರು, ಅಪ್ಪನ ಮಂಡಿಯಿಂದ ಹುಣಸೆಹಣ್ಣು ಕೊಳ್ಳುತ್ತಿದ್ದ ಹಳೆಯ ಸ್ನೇಹಿತರು. ಎರಡನೆಯ ಮಹಾಯುದ್ಧದ ಕಾಲ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮನೆಗೆ ಬಂದು ಕೆಲವು ತಿಂಗಳಾಗಿತ್ತು.

"ನೀನು ಓದಿದ ಹುಡುಗಿ, ಬೇಟಿ. ನೀನೇ ಹೇಳು, ಹೆಂಗಸ್ರು ಯಾಕೆ ಬರ್ತಿಲ್ಲ?" ಎಂದರು ಸಾಹೇಬರು.

ಅಲ್ಲಿಯವರೆಗೆ ಅವರು ತರುತ್ತಿದ್ದದ್ದು ತಮಿಳು, ಹಿಂದಿ ಚಿತ್ರಗಳು. ಕುದುರೆ ಓಟ, ಕತ್ತಿವರಸೆ ಇದ್ದರೆ ಗಂಡಸರಿಗೆ ಭಾಷೆ ಬೇಕಿರಲಿಲ್ಲ. ಇದು ಅವರು ತಂದ ಮೊದಲ ಕನ್ನಡ ಟಾಕಿ, ಒಬ್ಬ ಪತಿವ್ರತೆಯ ಕಥೆ. ತಯಾರಾದದ್ದು ಮದರಾಸಿನಲ್ಲಿ, ಆದರೆ ನಾಯಕಿ ನಾಟಕದ ಕಂಪನಿಯೊಂದಿಗೆ ನಮ್ಮೂರಿಗೂ ಬಂದು ಹಾಡಿ ಹೋಗಿದ್ದವಳು. ಬೇಡವೆಂದವರ ಮಾತು ಮೀರಿ ಸಾಹೇಬರು ಬಾಡಿಗೆ ಕಟ್ಟಿ ತಂದಿದ್ದರು.

"ಇದು ಹೆಂಗಸ್ರ ಚಿತ್ರ. ಅವರು ಬಂದ್ರೆ ನಡೀತು. ಇವತ್ತೂ ಈ ಕಡೆ ಖಾಲಿ ಇದ್ರೆ ನಾಳೆ ಫಿಲ್ಮಿನ ಡಬ್ಬ ಬೆಂಗ್ಳೂರಿಗೆ ವಾಪಸ್. ಆಮೇಲೆ ಕೊರಟಗೆರೆಗೂ ಪಾವಗಡಕ್ಕೂ ತಮಿಳೇ. ಕನ್ನಡದ ತಂಟೆಗೆ ಇನ್ನು ಹೋಗಲ್ಲ."

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಟಾಕಿ ಬಂದಿದೆ ಎಂದು ಗಾಡಿಯ ಮೇಲೆ ತಮಟೆ ಬಡಿದುಕೊಂಡು ಕೂಗಿದರಲ್ಲ, ಕೇಳಿಸಲಿಲ್ಲವೇ?

"ಕೇಳಿಸ್ತು. ಬೀದಿಗೆ ಕೂಗಿದ್ರು," ಎಂದರು ಅಮ್ಮ. "ನಮ್ಮನ್ನೇನು ಕರೆದ್ರಾ?"

ಅತ್ತಿಗೆ ಅಡಿಗೆಮನೆಯಿಂದಲೇ ನಕ್ಕರು. "ಅಂಗಾದ್ರೆ ಕರೆಯಾನ ನಡಿಯಮ್ಮ."

ಮದುವೆಗೆ ಕರೆಯಲು ಹೋಗುವಂತೆ ಕುಂಕುಮದ ಬಟ್ಟಲು ಹಿಡಿದು ಅತ್ತಿಗೆ ಮುಂದೆ, ನಾನು ಹಿಂದೆ ಹೊರಟೆವು. ಮುತ್ತೈದೆ ಅವರು, ಹಣೆಗೆ ಇಟ್ಟವರು ಅವರೇ. ಮಾತು ಮಾತ್ರ ನಾನು ಆಡಬೇಕಿತ್ತು. ನನಗೆ ಅಭ್ಯಾಸವಿಲ್ಲದ ಕೆಲಸ. ಆದರೂ ನಾಲ್ಕನೆಯ ಬಾಗಿಲಿಗೆ ಬರುವಾಗ ಸಲೀಸಾಗಿತ್ತು: "ಸಂಜೆ ಟಾಕಿಗೆ ಮನೆಮಂದಿಯೆಲ್ಲ ಬರಬೇಕು."

ಎಣ್ಣೆ ಅಂಗಡಿಯ ದೊಡ್ಡಮ್ಮ ನಮ್ಮ ಬೀದಿಯ ಹಿರಿಯರು. ಅವರು ಹೊರಟರೆ ಬೀದಿಯೇ ಹೊರಡುತ್ತಿತ್ತು. ಕುಂಕುಮ ಇಡಿಸಿಕೊಂಡು ನನ್ನನ್ನೇ ನೋಡಿದರು.

"ಯಾರ್ದೇ ಮದುವೆ? ಇವಳ್ದಾ?"

"ಇವಳ್ದಲ್ಲ ದೊಡ್ಡಮ್ಮ, ಟಾಕಿ," ಎಂದರು ಅತ್ತಿಗೆ.

"ಅಯ್ಯೋ, ಬಿ.ಎ. ಓದ್ದೋಳು ಮದುವೆಗೆ ಕರೀತಾಳೆ ಅಂತ ನಾನು ಕಾದಿದ್ರೆ ಟಾಕಿಗೆ ಕರೀತಾ ಅವ್ಳೆ! ಇರ್ಲಿ ಬುಡು, ಕುಂಕುಮ ಕೊಟ್ಟ ಮೇಲೆ ಬರ್ದೆ ಇರಕಾಯ್ತದಾ?"

ಸಂಜೆ ಬಂದರು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, ಬೀದಿ ಬೀದಿಯೇ ಬಂದಿತ್ತು. ಹೆಂಗಸರ ಬಾಗಿಲಲ್ಲಿ ಟಿಕೀಟಿನವನು ಕೈಚಾಚಿದ.

"ಏನ್ಲಾ ಅದು?" ಎಂದರು ದೊಡ್ಡಮ್ಮ.

"ಟಿಕೀಟಮ್ಮ. ಎರಡಾಣೆ."

"ಕುಂಕುಮ ಕೊಟ್ಟು ಕರ್ದು ಬಾಗಿಲಲ್ಲಿ ಕಾಸು ಕೇಳ್ತೀಯಾ? ಉಣ್ಣಾಕೆ ಕರ್ದು ಎಲೆಗೆ ದುಡ್ಡು ಕೇಳ್ದಂಗಾಯ್ತು. ನಡೀರೇ, ಹೋಗಾನ."

ಹಿಂದಿದ್ದವರೆಲ್ಲ ತಿರುಗಿಯೇಬಿಟ್ಟರು. ಅತ್ತಿಗೆ ನನ್ನ ಮುಖ ನೋಡಿದರು. ಹೀಗೂ ಆಗಬಹುದೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ದೊಡ್ಡಮ್ಮ ಹೇಳಿದ್ದೇನೋ ಸರಿಯಾಗಿಯೇ ಇತ್ತು.

ಸಾಹೇಬರು ಓಡಿ ಬಂದರು. ಅವರಿಗೆ ವಿವರಿಸಬೇಕಾಗಲಿಲ್ಲ. ಟಿಕೀಟಿನ ಕಟ್ಟನ್ನು ಆಳಿನ ಕೈಯಿಂದ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು ಕೈಮುಗಿದರು.

"ಇದು ನನ್ನ ಮನೆ ಕಾರ್ಯ ಅಂದ್ಕೊಳ್ಳಿ, ತಾಯಿ. ಒಳಗೆ ಬನ್ನಿ."

ಚಿತ್ರದ ಬಾಡಿಗೆ, ಎಂಜಿನ್ನಿನ ಎಣ್ಣೆ, ಆಳುಗಳ ಕೂಲಿ, ಎಲ್ಲ ಅವರ ತಲೆಯಲ್ಲಿ ಸುಳಿದಿರಬೇಕು. ಮುಖದಲ್ಲಿ ಮಾತ್ರ ಏನೂ ಕಾಣಿಸಲಿಲ್ಲ.

ಒಂದು ಕಾಲು ಒಳಗಿಟ್ಟ ದೊಡ್ಡಮ್ಮ ಅಲ್ಲೇ ನಿಂತರು. "ಕಾರ್ಯ ಅಂದ್ಮೇಲೆ ಮುಯ್ಯಿ ಮಾಡ್ದೆ ಹೆಂಗೆ ಕೂರಾದು? ತಟ್ಟೆ ಎಲ್ಲಿ?"

ಅತ್ತಿಗೆ ಕಡಲೆಕಾಯಿ ಮಾರುವವಳ ತಟ್ಟೆಯನ್ನು ಸೆರಗಿನಿಂದ ಒರೆಸಿ ಹಿಡಿದರು. ದೊಡ್ಡಮ್ಮ ಎಲೆಯಡಿಕೆ ಚೀಲ ಬಿಚ್ಚಿ ನಾಣ್ಯ ಹಾಕಿದರು. ಮುಯ್ಯಿ ಎಂದರೆ ಕೊಟ್ಟವರ ಮನೆಯ ಕಾರ್ಯದಲ್ಲಿ ತಿರುಗಿಸಬೇಕಾದ ಕಾಣಿಕೆ; ಮದುವೆಮನೆಯಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು. ಗಾಡಿಯ ಮೇಲೆ ಟಾಕಿಯ ಹೆಸರು ಕೂಗುತ್ತಿದ್ದವನು ತಗಡಿನ ಕೊಳವೆಯನ್ನು ಬಾಯಿಗಿಟ್ಟುಕೊಂಡ: "ಎಣ್ಣೆ ಅಂಗಡಿ ದೊಡ್ಡಮ್ಮನೋರ ಮುಯ್ಯಿ ನಾಲ್ಕಾಣೆ!"

ಆ ಕೂಗಿನ ಮೇಲೆ ಎರಡಾಣೆ ಹಾಕುವ ಧೈರ್ಯ ಯಾರಿಗಿದ್ದೀತು?

ಮೈಸೂರಿನಲ್ಲಿ ಗೆಳತಿಯರ ಜೊತೆ ನೋಡಿದ ತಮಿಳು, ಹಿಂದಿ ಚಿತ್ರಗಳಲ್ಲಿ "ಏನಂದಳು, ಏನಂದಳು" ಎಂಬ ಪಿಸುಮಾತು ಮುಗಿಯುತ್ತಲೇ ಇರಲಿಲ್ಲ. ಇಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಅತ್ತೆ ಸೊಸೆಯ ಮೇಲೆ ಅಪವಾದ ಹೊರಿಸಿದಾಗ ಮರಳಿನ ಮೇಲಿಂದ "ಥೂ, ನಿನ್ನ ನಾಲಗೆ ಬಿದ್ದೋಗ!" ಎಂದು ಉತ್ತರ ಹೋಯಿತು. ಕನ್ನಡ ಚಿತ್ರಗಳು ಯಾಕೆ ಇಷ್ಟು ಕಡಿಮೆ ಎಂಬ ಚರ್ಚೆಯನ್ನು ನಾನು ಪತ್ರಿಕೆಗಳಲ್ಲಿ ಓದುತ್ತಿದ್ದೆ. ಬಂಡವಾಳವಿಲ್ಲ, ಸ್ಟುಡಿಯೋ ಇಲ್ಲ, ಕಚ್ಚಾ ಫಿಲ್ಮು ಸಿಗುವುದಿಲ್ಲ. ಎಲ್ಲವೂ ನಿಜ. ಆದರೆ ನೋಡುವವರಲ್ಲಿ ಅರ್ಧ ಜನರನ್ನು ಯಾರೂ ಕರೆದೇ ಇಲ್ಲವೆಂದು ಬರೆದವರನ್ನು ನಾನು ಕಂಡಿರಲಿಲ್ಲ.

ಆಟ ಬಿಟ್ಟಾಗ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ದೊಡ್ಡಮ್ಮ ಕೇಳಿದರು: "ಮುಯ್ಯಿ ತಗಂಡಿದೀರಿ. ತಿರುಗ್ಸಾದು ಯಾವಾಗ ಸಾಹೇಬ್ರೆ?"

"ನಿಮ್ಮ ಮೊಮ್ಮಗಳ ಮದುವೆಗೆ ಖಂಡಿತ ಬರ್ತೀನಿ, ತಾಯಿ."

"ಅದಿನ್ನೂ ತೊಟ್ಟಿಲಲ್ಲೈತೆ! ಅಲ್ಲೀಗಂಟ ಯಾರು ಕಾಯ್ತಾರೆ? ಇನ್ನೊಂದು ಕನ್ನಡದ್ದೇ ತಂದ್ಬುಡಿ."

ಸಾಹೇಬರು ಜೋರಾಗಿ ನಕ್ಕರು. ಆಮೇಲೆ ಅಪ್ಪನ ಕಡೆ ತಿರುಗಿ, ಚಿತ್ರ ಬಾಡಿಗೆಗೆ ಕೊಟ್ಟ ಬೆಂಗಳೂರಿನವರಿಗೆ ತಂತಿ ಕೊಡಬೇಕು, ಇಂಗ್ಲಿಷಿನಲ್ಲಿ ಬರೆಯುವವರು ಬೇಕು ಎಂದರು. ಅಪ್ಪ ಉತ್ತರ ಕೊಡುವ ಮೊದಲೇ ನಾನು ಒಪ್ಪಿಕೊಂಡೆ. ನಮ್ಮ ಮನೆಯ ಹೆಂಗಸರು ಅಂಚೆ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಆ ವಿಷಯವಾಗಿ ಮನೆಯಲ್ಲಿ ನಡೆದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಮಂಡಿಯ ಮುಂದೆ ಹಾದು ಅಂಚೆ ಕಚೇರಿಗೆ ಹೋದೆ. ಈ ಚಿತ್ರ ಇನ್ನೊಂದು ವಾರ ಇಲ್ಲೇ ಇರಲಿ; ಇದಾದ ಮೇಲೆ ಸಿದ್ಧವಿರುವ ಕನ್ನಡ ಚಿತ್ರ ಕಳುಹಿಸಿ, ಕನ್ನಡವಲ್ಲದ್ದು ಬೇಡ. ಇಷ್ಟು ಬರೆದು ಕೊಟ್ಟೆ. ಪೋಸ್ಟ್ ಮಾಸ್ಟರು ಕನ್ನಡಕದ ಮೇಲಿಂದ ನೋಡಿ, ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು, ಕೊನೆಯ ಮಾತು ಹೆಚ್ಚಾಯಿತು, ತೆಗೆದರೆ ಖರ್ಚು ಉಳಿಯುತ್ತದೆ ಎಂದರು. ಇರಲಿ ಎಂದು ಹೇಳಿ ದುಡ್ಡು ಕಟ್ಟಿದೆ.