ಹರಿಹರದ ಹೊಳೆಯ ನೀರುನಾಯಿ

ಭಾನುವಾರ ಬೆಳಿಗ್ಗೆ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹರಿಹರದಿಂದ ಸಿದ್ದಪ್ಪಜ್ಜನ ಫೋನು ಬಂತು. ಹೊಳೆಯಲ್ಲಿ ಮೀನು ಹಿಡಿಯುವ ಈ ಅಜ್ಜನಿಗೆ ನಾನು ನೀರಿನಲ್ಲಿ ಮುಳುಗುವ ಕೆಲಸ ಕಲಿತವನೆಂದು ಗೊತ್ತು. “ಯಾರೋ ಬಿಟ್ಟೋದ ಬಲೆಗೆ ನೀರುನಾಯಿ ಸಿಕ್ಕೊಂಡೈತೆ. ಲಗೂನ ಬಾ ಮರಿ,” ಎಂದ. ನನಗೆ ನಲವತ್ತು ದಾಟಿದೆ, ತಲೆ ಅರ್ಧ ಬೆಳ್ಳಗಾಗಿದೆ. ಅಜ್ಜನ ಬಾಯಲ್ಲಿ ಇನ್ನೂ ಮರಿಯೇ.

ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಚೀಲದಿಂದ ಇಣುಕುತ್ತಿದ್ದ, ಈಜುವಾಗ ಕಾಲಿಗೆ ಹಾಕುವ ರಬ್ಬರ್ ರೆಕ್ಕೆ ನೋಡಿ ಕಂಡಕ್ಟರ್, “ಹೊಳ್ಯಾಗ ಯಾರಾದ್ರೂ ಬಿದ್ದಾರೇನ್ರಿ?” ಎಂದು ಕೇಳಿದ. ನೀರುನಾಯಿ ಎಂದೆ. “ನಾಯಿಗೆ ಇಷ್ಟೆಲ್ಲಾನಾ?” ಎಂದು ನಕ್ಕ. ನನಗೆ ರೇಗಿತು, ರೆಕ್ಕೆಯನ್ನು ಚೀಲದೊಳಕ್ಕೆ ತುರುಕಿದೆ.

ಚಳಿ ಹಿಡಿದಿತ್ತು. ಹೊಳೆ ಇಳಿದಿದ್ದರೂ ಬಂಡೆಗಳ ಸಂದಿಯಲ್ಲಿ ಸೆಳವು ಜೋರಾಗಿತ್ತು. ಅಜ್ಜ ತೆಪ್ಪದಲ್ಲಿ ಕರೆದೊಯ್ದ. ಬಂಡೆಯೊಂದರ ಪಕ್ಕ ನೀರುನಾಯಿ ಮೂಗಷ್ಟೇ ಮೇಲೆತ್ತಿ ಉಸಿರೆಳೆಯುತ್ತಿತ್ತು. ಸೊಂಟ, ಹಿಂಗಾಲಿಗೆಲ್ಲ ಬಲೆ.

“ಹುಷಾರು ಮರಿ, ಕಚ್ಚಿದ್ರೆ ಬಿಡೋದಲ್ಲ ಅದು,” ಎಂದ ಅಜ್ಜ.

ನೀರು ಕದಡಿತ್ತು, ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಹಿಂದಿನಿಂದ ಮುಳುಗಿ ಚಾಕುವಿನಿಂದ ಬಲೆ ಕೊಯ್ದೆ. ಕಾಲು ಬಿಡಿಸಿದ್ದೇ ತಡ, ಅದು ಸರಕ್ಕನೆ ನುಣುಚಿಕೊಂಡಿತು. ತಲೆ ಮೇಲೆತ್ತಿದರೆ ಅಜ್ಜ ತೆಪ್ಪದಲ್ಲಿ ನಿಂತು, “ಮರಿ, ಮರಿ,” ಎಂದು ಕೂಗುತ್ತಿದ್ದ.

“ಬಂದೆ ತಡಿ ಅಜ್ಜ, ನಂಗೇನೂ ಆಗಿಲ್ಲ,” ಎಂದು ನಗುತ್ತ ಕೈ ಬೀಸಿ ತೆಪ್ಪದ ಕಡೆ ಈಜಿದೆ. ಅಂಚು ಹಿಡಿದ ಕೂಡಲೇ ಅಜ್ಜ ನನ್ನ ಭುಜ ಹಿಡಿದು ಹಿಂದಕ್ಕೆ ತಳ್ಳಿದ. “ನೀನಲ್ಲೋ, ಅದರ ಮರಿ. ಬಲ್ಯಾಗೈತೆ.”

ನಾನು ಕೊಯ್ದು ಬಿಟ್ಟ ಬಲೆ ಸೆಳವಿಗೆ ಸಿಕ್ಕು ಮರಿಯನ್ನು ಕೆಳಕ್ಕೆಳೆದಿತ್ತು. ತಡಕಾಡಿ ತರುವಷ್ಟರಲ್ಲಿ ಉಸಿರಿರಲಿಲ್ಲ. ಬಂಡೆಯ ಮೇಲೆ ಮಲಗಿಸಿ ಬೆನ್ನು ಉಜ್ಜಿದೆವು, ತಲೆ ಕೆಳಗೆ ಮಾಡಿ ನೀರು ಇಳಿಸಿದೆವು. ಏನೂ ಆಗಲಿಲ್ಲ.

“ನಂದೇ ತಪ್ಪು. ಬಾಯಿಗೆ ಬೇರೆ ಮಾತೇ ಬರ್ಲಿಲ್ಲ,” ಎಂದ ಅಜ್ಜ.

“ಬಿಡಜ್ಜ,” ಎಂದೆ. ನಗುತ್ತ ಕೈ ಬೀಸಿದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಮರಿಯನ್ನು ಅಲ್ಲೇ ಬಿಟ್ಟು ದಡಕ್ಕೆ ಬಂದೆವು. ಅಜ್ಜ ಮಂಡಕ್ಕಿ ಪೊಟ್ಟಣ ಬಿಚ್ಚಿಟ್ಟ, ಇಬ್ಬರೂ ಮುಟ್ಟಲಿಲ್ಲ.

ಬಸ್ಸಿಗೆ ಹೊರಡುವ ಮುನ್ನ ತಿರುಗಿ ನೋಡಿದೆ. ತಾಯಿ ಬಂಡೆ ಹತ್ತಿತ್ತು. ಮರಿಯ ಕುತ್ತಿಗೆ ಕಚ್ಚಿ ನೀರಿಗೆ ಎಳೆದು ತಂದು ಬಿಟ್ಟಿತು. ಮುಳುಗಿದಾಗ ಎತ್ತಿತು. ಮತ್ತೆ ಬಿಟ್ಟಿತು, ಈಜು ಕಲಿಸುವ ಹಾಗೆ.